ಗೂಢಚಾರಿಣಿಗೆ ಜಂಬಣ್ಣ ಮಾಡಿಸಿದ ಮದುವೆ

ಜಂಬಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ರಜಾ ಅರ್ಜಿ ಬರೆಯುವಷ್ಟು ಬರುತ್ತಿತ್ತು. ಶಿವಮೊಗ್ಗದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದವನಿಗೆ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ. ಆದರೆ ಭದ್ರಾವತಿಯ ಪರಮೇಶ್ವರಪ್ಪನವರು ತಮ್ಮ ಮಗಳಿಗೆ ಗಂಡು ಹುಡುಕುವಾಗ, ಹುಡುಗನ ಇಂಗ್ಲಿಷ್ ಹೇಗೆ ಎಂದು ಕೇಳಿದರು. ಕಾರ್ಖಾನೆಯಲ್ಲಿ ಆಫೀಸರಾಗಿದ್ದ ಅವರಿಗೆ ಅಳಿಯನನ್ನು ನಾಲ್ಕು ಜನರ ಮುಂದೆ ನಿಲ್ಲಿಸುವ ಆಸೆ. ನಡುವೆ ನಿಂತು ಸಂಬಂಧ ಕುದುರಿಸುತ್ತಿದ್ದ ಗಾಂಧಿ ಬಜಾರಿನ ಜವಳಿ ಸಾಹುಕಾರ್ ಷಡಕ್ಷರಪ್ಪನವರು, "ಅರಳು ಹುರಿದ ಹಾಗೆ ಮಾತಾಡ್ತಾನೆ" ಎಂದುಬಿಟ್ಟರು. ಜಂಬಣ್ಣ ಪಕ್ಕದಲ್ಲೇ ಕೂತಿದ್ದ. ಅಲ್ಲ ಎನ್ನಲಿಲ್ಲ.

ಅನ್ನದೇ ಇದ್ದುದಕ್ಕೆ ಕಾರಣವಿತ್ತು. ಹಿಂದಿನ ಬೇಸಿಗೆಯಲ್ಲಿ ಹೊಳಲೂರಿನ ಒಂದು ಮದುವೆಯಲ್ಲಿ ಆ ಹುಡುಗಿ, ಜಯಶೀಲಾ, ಪಂಕ್ತಿಗೆ ಬಡಿಸುತ್ತಿದ್ದಳು. ಹೋಳಿಗೆ ಸೀದುಹೋಗಿತ್ತು. ಬೀಗರ ಮುಖ ನೋಡಿಕೊಂಡು ಎಲ್ಲರೂ ಬಹಳ ಚೆನ್ನಾಗಿದೆ ಎನ್ನುತ್ತ ನುಂಗುತ್ತಿದ್ದಾಗ ಅವಳು ಜಂಬಣ್ಣನ ಎಲೆಯ ಮುಂದೆ ಬಗ್ಗಿ, "ಸೀದಿದೆ, ಬಿಟ್ಬಿಡಿ, ಬೇರೆ ತರ್ತೀನಿ" ಎಂದಳು. ಅಂದಿನಿಂದ ಅವನಿಗೆ ಬೇರೆ ಯಾವ ಹುಡುಗಿಯೂ ಹುಡುಗಿಯಾಗಿ ಕಾಣಲಿಲ್ಲ. ಅವಳು ಸಿಗದಿದ್ದರೆ ಈ ಜನ್ಮವೇ ದಂಡ ಎಂದು ಅವನು ನಿಜವಾಗಿಯೂ ನಂಬಿದ್ದ.

ಇದು ಚೀನಾದ ಜೊತೆ ಯುದ್ಧ ನಡೆದ ವರ್ಷದ ಮಾತು. ಊರೂರಲ್ಲೂ ರಕ್ಷಣಾ ನಿಧಿಗೆ ಚಿನ್ನ ಎತ್ತುತ್ತಿದ್ದರು. ನಮ್ಮಲ್ಲಿ ನಿಧಿ ಸಮಿತಿಗೆ ಷಡಕ್ಷರಪ್ಪನವರೇ ಅಧ್ಯಕ್ಷರು. ಹಿಂದಿನ ಯಾವುದೋ ಮಹಾಯುದ್ಧದ ಗೂಢಚಾರರ ಕತೆಯ ಹಳೇ ಚಿತ್ರವೊಂದು ಬೆಂಗಳೂರಿನ ಗೋದಾಮಿನಿಂದ ಅವರಿಗೆ ಪುಕ್ಕಟೆ ಸಿಕ್ಕಿತು. ಮೊದಲ ರೀಲಿನ ತಲೆ ಹರಿದುಹೋಗಿ ಚಿತ್ರದ ಹೆಸರೂ ಉಳಿದಿರಲಿಲ್ಲ. ಇಂಗ್ಲಿಷ್ ಸಿನಿಮಾ ಎಂದು ಊರಲ್ಲಿ ತಮಟೆ ಹೊಡೆಸಿದರು. ಭಾನುವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ಒಂದು ಆಟ, ಅದೇ ರೀಲು ಬಸ್ಸಿನ ಮೇಲೆ ಹೋಗಿ ಸಂಜೆ ಭದ್ರಾವತಿಯಲ್ಲಿ ಇನ್ನೊಂದು ಆಟ. ಆಗ ಇಂಥ ಚಿತ್ರಗಳಿಗೆ ಪರದೆಯ ಪಕ್ಕದಲ್ಲಿ ಒಬ್ಬ ಮೈಕು ಹಿಡಿದು ನಿಂತು ಕನ್ನಡದಲ್ಲಿ ಕತೆ ಹೇಳಬೇಕಿತ್ತು. ಯಾರು ಹೇಳಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ.

"ಭದ್ರಾವತಿ ಆಟಕ್ಕೆ ಪರಮೇಶ್ವರಪ್ಪನೋರು ಮನೆಮಂದಿ ಸಮೇತ ಬರ್ತಾರೆ. ಆಟ ಮುಗಿದ್ಮೇಲೆ ಅವರ ಮನೇಲೇ ಫಲಾಹಾರ, ಮಾತುಕತೆ. ಇಂಥ ಸಮಯ ಮತ್ತೆ ಸಿಗಲ್ಲ ಮಾರಾಯ" ಎಂದರು ಸಾಹುಕಾರರು. ಜಂಬಣ್ಣನಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು.

ಭಾನುವಾರ ಬೆಳಿಗ್ಗೆ ಅವನು ಮೊದಲು ಮಾಡಿದ ಕೆಲಸವೆಂದರೆ ಚಿತ್ರ ಬಿಡುವ ಮಿಷನ್ ಕೋಣೆಗೆ ಹೋಗಿ, ತನ್ನ ಮಾತಿಗೆ ಅಡ್ಡ ಬರುತ್ತದೆಂದು ಹೇಳಿ ಚಿತ್ರದ ಸದ್ದು ಸಣ್ಣಗೆ ಮಾಡಿಸಿದ್ದು. ಎರಡನೆಯ ಕೆಲಸವನ್ನು ದಾಕ್ಷಾಯಣಮ್ಮನವರು ಮಾಡಿಸಿದರು. ಮಹಿಳಾ ಸಮಾಜದ ಅಧ್ಯಕ್ಷೆಯಾದ ಅವರು ನಿಧಿಗೆ ಬಳೆ ಕೊಡಲು ಮನಸ್ಸು ಮಾಡಿದ್ದ ಹೆಂಗಸರನ್ನೆಲ್ಲ ಕರೆತಂದು ಮುಂದೆ ಕೂರಿಸಿದ್ದರು. ಬಿಳಿಯರ ಚಿತ್ರದಲ್ಲಿ ಏನೇನು ಬರುತ್ತದೆಂದು ಅವರು ಕೇಳಿ ತಿಳಿದಿದ್ದರು.

"ಅದರಲ್ಲಿ ಬರೋ ಜೋಡಿ ಗಂಡ ಹೆಂಡ್ತಿ ಅಂತ ಮೊದಲೇ ಹೇಳ್ಬಿಡಪ್ಪ. ಆಮೇಲೆ ಏನ್ ಮಾಡ್ಕೊಂಡ್ರೂ ಅವರವರ ಮನೆ ವಿಷಯ" ಎಂದರು.

ದೀಪ ಆರಿತು. ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಸೈನ್ಯಾಧಿಕಾರಿ ಒಬ್ಬ ಸುಂದರಿಯನ್ನು ಅಪ್ಪಿಕೊಂಡ. ಇವರು ಗಂಡ ಹೆಂಡತಿ ಎಂದು ಜಂಬಣ್ಣ ಸಾರಿದ. ಹೆಂಗಸರು ನಿರಾಳವಾಗಿ ಕೂತರು. ಹತ್ತು ನಿಮಿಷ ಕಳೆಯುವುದರಲ್ಲಿ ಆ ಹೆಂಡತಿ ಮತ್ತೊಬ್ಬ ಅಧಿಕಾರಿಯನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡಳು. ಇವನು ಅವಳ ಅಣ್ಣ, ಬಹಳ ವರ್ಷದ ಮೇಲೆ ಬಂದಿದ್ದಾನೆ ಎಂದು ಜಂಬಣ್ಣ ಹೇಳಿದ. ಅಣ್ಣ ಅವಳನ್ನು ಬಿಡಲಿಲ್ಲ. ಪಿಯಾನೋ ನುಡಿಸಿದ, ಕುಣಿದ, ಹೂ ಕೊಟ್ಟ. ಅವನು ನಿದ್ದೆ ಹೋದಾಗ ತಂಗಿ ಅವನ ಕೋಟಿನಿಂದ ನಕ್ಷೆ ಕದ್ದಳು. ತವರಿನ ಆಸ್ತಿಯ ನಕ್ಷೆ, ಅದರಲ್ಲಿ ಅವಳಿಗೂ ಪಾಲಿದೆ ಎಂದ ಜಂಬಣ್ಣ. ಪಕ್ಕದ ಸಾಲಿನಲ್ಲಿದ್ದ ವಕೀಲರೂ ಮೇಷ್ಟರೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಅರ್ಥವಾಗದೇ ಇರುವುದು ತನಗೊಬ್ಬನಿಗೇ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು.

ಆದರೆ ಕೊನೆಯ ರೀಲು ಯಾರ ಮಾತೂ ಕೇಳುವಂಥದ್ದಲ್ಲ. ಗಂಡ ಅಲ್ಲೇ ನಿಂತು ನೋಡುತ್ತಿದ್ದಂತೆ ಸಿಪಾಯಿಗಳು ಅವಳನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದರು. ಜಂಬಣ್ಣ, "ಸತ್ತಳು" ಎಂದಷ್ಟೇ ಹೇಳಿದ. ದಾಕ್ಷಾಯಣಮ್ಮ ಎದ್ದು ನಿಂತರು. "ತವರಿನ ಪಾಲು ಕೇಳಿದ್ದಕ್ಕೆ ಕಟ್ಕೊಂಡವಳನ್ನ ಕೊಲ್ಸೋದಾ? ಇಂಥ ಸಿಪಾಯಿಗಳಿಗೆ ನಾವ್ಯಾಕೆ ಬಳೆ ಕೊಡ್ಬೇಕು?" ಎಂದು ಹೊರಟೇಬಿಟ್ಟರು. ಬಳೆಗಳೆಲ್ಲ ಕೈಯಲ್ಲೇ ಸದ್ದು ಮಾಡುತ್ತ ಅವರ ಹಿಂದೆ ಹೋದವು.

ಭದ್ರಾವತಿಯ ಬಸ್ಸಿನಲ್ಲಿ ಷಡಕ್ಷರಪ್ಪನವರು ನಿಧಿಯ ಖಾಲಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಭದ್ರಾ ಸೇತುವೆ ದಾಟುವಾಗ ಬಾಯಿಬಿಟ್ಟರು. ಗಡಿಯಲ್ಲಿ ನಮ್ಮ ಹುಡುಗರು ಚಳಿಯಲ್ಲಿ ಸಾಯುತ್ತಿದ್ದಾರೆ, ಇಲ್ಲಿ ಒಂದು ಗುಂಜಿ ಚಿನ್ನ ಹುಟ್ಟಲಿಲ್ಲ ಎಂದು ನೊಂದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಸಾಹುಕಾರರ ದುಃಖ ಸುಳ್ಳಲ್ಲ.

"ಈ ಸಲ ಅವಳನ್ನ ಸಾಯಿಸ್ಬೇಡ. ಮದುವೆ ಮಾಡ್ಸು" ಎಂದರು.

"ಬಂದೂಕು ಎತ್ತಿ ನಿಂತಿರ್ತಾರಲ್ಲ ಸಾಹುಕಾರ್ರೇ."

"ನಮ್ಮಲ್ಲಿ ಮದುವೇಲಿ ಪಟಾಕಿ ಹೊಡೆಯಲ್ವೇ? ಅವರಲ್ಲಿ ಬಂದೂಕು. ಗುಂಡು ಹಾರೋಕೆ ಮುಂಚೆ ದೀಪ ಹಾಕ್ಸಿಬಿಡು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದಿದಾರೆ ದೊಡ್ಡೋರು. ಇಲ್ಲಿ ಎರಡು ಮದುವೆ ಆಗುತ್ತೆ, ನಿಂದೂ ಸೇರಿ."

ಭದ್ರಾವತಿಯಲ್ಲಿ ಥಿಯೇಟರು ಕಿಕ್ಕಿರಿದಿತ್ತು. ನ್ಯೂಟೌನಿನ ಆಫೀಸರುಗಳು ಮುಂದೆ, ಹಿಂದೆ ಕೆಲಸಗಾರರು. ಪರಮೇಶ್ವರಪ್ಪನವರು ಸಿಕ್ಕವರಿಗೆಲ್ಲ ಜಂಬಣ್ಣನನ್ನು ತೋರಿಸುತ್ತಿದ್ದರು. ಹೆಂಗಸರ ಕಡೆ ಜಯಶೀಲಾ ಕೂತಿದ್ದಳು. ಅವಳ ಪಕ್ಕದಲ್ಲಿ ಕಾರ್ಖಾನೆಗೆ ಯಂತ್ರ ಕೂರಿಸಲು ಹೊರದೇಶದಿಂದ ಬಂದಿದ್ದ ಇಂಜಿನಿಯರರ ಹೆಂಡತಿ, ಪರಮೇಶ್ವರಪ್ಪನವರ ಪಕ್ಕದ ಮನೆಯ ದೊರೆಸಾನಿ. ಬಿಳಿಯರ ಹೆಂಗಸನ್ನು ಕಂಡದ್ದೇ ತನ್ನ ಇಂಗ್ಲಿಷಿನ ಗುಟ್ಟು ಹೊರಬೀಳುತ್ತದೆಂದು ಜಂಬಣ್ಣ ಹೆದರಿದ. ಅವಳಿಗೆ ಕನ್ನಡ ಎಲ್ಲಿ ಗೊತ್ತಿರುತ್ತದೆ ಎಂದು ಧೈರ್ಯ ತಂದುಕೊಂಡ.

ಅಂದು ಅವನು ಹೇಳಿದ ಕತೆಯನ್ನು ಭದ್ರಾವತಿಯವರು ಬಹಳ ದಿನ ಮರೆಯಲಿಲ್ಲ. ಸ್ಟೇಷನ್ನಿನ ಜೋಡಿಗೆ ನಿಶ್ಚಿತಾರ್ಥವಾಗಿದೆ. ಅಣ್ಣ ಒಪ್ಪುತ್ತಿಲ್ಲ. ನಕ್ಷೆ ಎಂದರೆ ಹುಡುಗನ ಊರಿಗೆ ಹೋಗುವ ದಾರಿ. ಜಯಶೀಲಾ ಕೇಳುತ್ತಿದ್ದಾಳೆ ಎನ್ನುವ ಗುಂಗಿನಲ್ಲಿ ತನ್ನ ಎದೆಯಲ್ಲಿದ್ದುದನ್ನೆಲ್ಲ ಅವನು ಆ ಬಿಳಿಯನ ಬಾಯಲ್ಲಿ ಆಡಿಸಿದ. ನಿನ್ನನ್ನು ಪಂಕ್ತಿಯಲ್ಲಿ ಕಂಡಂದಿನಿಂದ ಬೇರೆ ಯಾರೂ ಕಣ್ಣಿಗೆ ಹತ್ತಿಲ್ಲ ಎಂದು ಆ ಸೈನ್ಯಾಧಿಕಾರಿ ಹೇಳಿದಾಗ ಯಾವ ಪಂಕ್ತಿ ಎಂದು ಒಬ್ಬರೂ ಕೇಳಲಿಲ್ಲ. ಬಂದೂಕುಗಳು ಮೇಲೆದ್ದವು. ದೀಪ ಹತ್ತಿತು. "ಮದುವೆ ಆಯಿತು" ಎಂದ ಜಂಬಣ್ಣ.

ಚಪ್ಪಾಳೆ ನಿಲ್ಲಲೇ ಇಲ್ಲ. ಹೆಂಗಸರು ಸಾಲಾಗಿ ಬಂದು ಬಳೆ, ಓಲೆ ಬಿಚ್ಚಿ ಪೆಟ್ಟಿಗೆಗೆ ಹಾಕಿದರು. ದೊರೆಸಾನಿ ಬಿಕ್ಕಿ ಬಿಕ್ಕಿ ಅಳುತ್ತ ಬಂದು ಕತ್ತಿನ ಸರವನ್ನೇ ಹಾಕಿದಳು. ಬಿಳಿಯರನ್ನೂ ಆನಂದದಿಂದ ಅಳಿಸಿದೆನಲ್ಲ ಎಂದು ಜಂಬಣ್ಣ ಹಿಗ್ಗಿದ.

ಪರಮೇಶ್ವರಪ್ಪನವರ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು. ಅವರು ಆಗಲೇ ಬೀಗರ ಧ್ವನಿಯಲ್ಲಿ ಮಾತಾಡುತ್ತಿದ್ದರು. ಅಂಥ ಕಷ್ಟದ ಇಂಗ್ಲಿಷನ್ನು ಹುಡುಗ ಎಷ್ಟು ಸಲೀಸಾಗಿ ಹಿಡಿದ, ತಮಗೂ ನಾಲ್ಕಾಣೆ ಪಾಲು ಅರ್ಥವಾಯಿತು ಎಂದರು. ಮುಹೂರ್ತ ನೋಡಿಸುವ ಮೊದಲು ಹುಡುಗಿಗೆ ಏನಾದರೂ ಕೇಳುವುದಿದ್ದರೆ ಕೇಳಲಿ ಎಂದು ಮಗಳನ್ನು ಕರೆದರು. ಹೀಗೆ ಕೇಳುವುದು ಬರೀ ಶಾಸ್ತ್ರಕ್ಕೆ. ಹುಡುಗಿ ತಲೆ ತಗ್ಗಿಸಿ ಒಳಗೆ ಹೋಗಬೇಕು.

ಜಯಶೀಲಾ ಹೋಗಲಿಲ್ಲ. "ಆ ಸಿನಿಮಾ ಯಾವ ಭಾಷೇದು?" ಎಂದು ಕೇಳಿದಳು.

ಇಷ್ಟು ಸುಲಭದ ಪ್ರಶ್ನೆಯನ್ನು ಜಂಬಣ್ಣ ನಿರೀಕ್ಷಿಸಿರಲಿಲ್ಲ. "ಇಂಗ್ಲಿಷು" ಎಂದ.

"ನಿಮಗೆ ಅವರ ಮಾತೆಲ್ಲಾ ತಿಳೀತಾ?"

ಜಂಬಣ್ಣ ಸಾಹುಕಾರರನ್ನು ನೋಡಿದ. ಪರಮೇಶ್ವರಪ್ಪನವರನ್ನು ನೋಡಿದ. "ಒಂದಕ್ಷರ ಬಿಡದ ಹಾಗೆ" ಎಂದ.

ಅವಳ ಮುಖ ಸಣ್ಣಗಾಯಿತು. "ಅದು ಜರ್ಮನ್" ಎಂದಳು. "ದೊರೆಸಾನಿಗೆ ನಾನು ಕನ್ನಡ ಹೇಳ್ಕೊಡ್ತೀನಿ, ಅವರು ನನಗೆ ಅವರ ಮಾತು ಹೇಳ್ಕೊಡ್ತಾರೆ. ಸಿನಿಮಾದ ಹುಡುಗಿ ಶತ್ರುಗಳ ಕಡೆ ಗೂಢಚಾರಿಣಿ, ಸ್ಟೇಷನ್ನಿನಲ್ಲಿ ಅಪ್ಪಿಕೊಂಡವನನ್ನ ಪ್ರೀತಿಸಿದ್ಳು. ಅವನೇ ಅವಳನ್ನ ಹಿಡಿದುಕೊಟ್ಟ. ಕೊನೇವರೆಗೂ ಅವಳು ಅವನ ಹೆಸರು ಎತ್ತಲಿಲ್ಲ. ದೊರೆಸಾನಿ ಅತ್ತಿದ್ದು ಅದಕ್ಕೆ."

ಪರಮೇಶ್ವರಪ್ಪನವರು ತಮ್ಮ ನಾಲ್ಕಾಣೆ ಪಾಲನ್ನು ನೆನೆದು ಕೇಸರಿಬಾತಿನ ತಟ್ಟೆ ನೋಡುತ್ತ ಕೂತರು.

"ನೀವು ಹೇಳಿದ ಕತೆ ಚೆನ್ನಾಗಿತ್ತು" ಎಂದಳು ಜಯಶೀಲಾ. "ಈಗ ಕೇಳಿದಾಗ ಗೊತ್ತಾಗಲಿಲ್ಲ ಅಂದಿದ್ರೆ ಸಾಕಿತ್ತು, ನಾನು ಹೂಂ ಅಂತಿದ್ದೆ." ಅವಳು ಒಳಗೆ ಹೋಗುವಾಗ ಕಣ್ಣೊರೆಸಿಕೊಂಡದ್ದನ್ನು ಜಂಬಣ್ಣ ಕಂಡ.

ಶಿವಮೊಗ್ಗದ ಬಸ್ಸಿನಲ್ಲಿ ಷಡಕ್ಷರಪ್ಪನವರು ಚಿನ್ನದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪರಮೇಶ್ವರಪ್ಪ ಈ ವಿಷಯ ಯಾರ ಹತ್ತಿರವೂ ಆಡುವುದಿಲ್ಲ, ಆಡಿದರೆ ಅವರದೇ ಮಾನ ಹೋಗುತ್ತದೆ ಎಂದು ಸಮಾಧಾನ ಹೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ಮುಂದಿನ ಭಾನುವಾರ ತರೀಕೆರೆಯೋರು ಕರೆದಿದಾರೆ. ಗಡೀಲಿರೋ ಹುಡುಗರ ಮುಖ ನೋಡಿ ಒಪ್ಕೋ. ಮದುವೆ ಮಾತ್ರ ಬಿಡ್ಬೇಡ, ಜನಕ್ಕೆ ಹಿಡಿಸಿದ್ದೇ ಅದು."

ಜಂಬಣ್ಣನಿಗೆ ತಡೆಯಲಾಗಲಿಲ್ಲ. ಟವಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಆಟ ನೋಡಿ ಊರಿಗೆ ಹೊರಟಿದ್ದ ಮುದುಕಿಯೊಬ್ಬಳು ಎದುರು ಸೀಟಿನಿಂದ ಬಾಗಿ ಅವನ ತೋಳು ಸವರಿದಳು.

"ಅಳಬ್ಯಾಡ ಮಗಾ" ಎಂದಳು. "ಅಷ್ಟೆಲ್ಲಾ ಅಡ್ಡಿ ಬಂದ್ರೂ ಕೊನೇಗೆ ಮದುವೆ ಆಯ್ತಲ್ಲ."