ಎಡಗಡೆಯ ಎರಡನೇ ವಿಮಾನ

ಕುಬೇರಪ್ಪ ಮಾಡಿದ ತಪ್ಪು ಇಷ್ಟೇ: ಸಿನೆಮಾ ನಡೆಯುವಾಗ ಮೊದಲಿನಿಂದ ಕೊನೆಯವರೆಗೆ ಎಚ್ಚರವಾಗಿದ್ದು ಪರದೆಯ ಕಡೆಗೇ ನೋಡಿದ. ಓಣಿಯಿಂದ ಬಂದಿದ್ದ ನಲವತ್ತು ಮಂದಿಯಲ್ಲಿ ಈ ಕೆಲಸ ಮಾಡಿದವನು ಅವನೊಬ್ಬನೇ. ಉಳಿದವರು ಚುರುಮುರಿ ತಿಂದರು, ಫೋನ್ ನೋಡಿದರು, ಅರ್ಧ ಮಂದಿ ತಂಪು ಗಾಳಿಗೆ ಮಲಗಿದರು. ಎದ್ದ ಮೇಲೆ ಎಲ್ಲರಿಗೂ ಸಿನೆಮಾದ ಬಗ್ಗೆ ಗಟ್ಟಿಯಾದ ಅಭಿಪ್ರಾಯಗಳಿದ್ದವು.

ಸಿನೆಮಾದ ಹೆಸರು 'ಮುಗಿಲಹುಲಿ, ಭಾಗ ಎರಡು'. ಯುದ್ಧವಿಮಾನದ ಪೈಲಟ್ಟೊಬ್ಬ ಶತ್ರುಗಳನ್ನು ಮುಗಿಲಿನಲ್ಲಿ ಅಟ್ಟಾಡಿಸಿ ಹೊಡೆಯುವ ಕತೆ. ಹುಬ್ಬಳ್ಳಿ ಕಮರಿಪೇಟೆಯ ಆ ಓಣಿಗೆ ಓಣಿಯೇ ಎದ್ದು ಹೊರಡಲು ಕಾರಣ ರೋಹಿತ. ಕನ್ನಡಕದ ಅಂಗಡಿಯ ಗುರುಶಿದ್ದಪ್ಪ ಸಾವಕಾರರ ಮಗ. ನಟನಾಗುತ್ತೇನೆಂದು ಹೈದರಾಬಾದಿಗೆ ಹೋಗಿದ್ದವನು ವಾರದ ಹಿಂದೆ ಫೋನ್ ಮಾಡಿ, "ಅಪ್ಪಾ, ಕಡೀ ಯುದ್ಧದಾಗ ಎಡಗಡೆ ಎರಡನೇ ವಿಮಾನ ಹಾರಸಾಂವ ನಾನಽ. ಸರಿಯಾಗಿ ನೋಡ್ರಿ" ಎಂದಿದ್ದ.

ಸಾವಕಾರರು ಅವತ್ತೇ ಮಗನ ಫ್ಲೆಕ್ಸ್ ಮಾಡಿಸಿ ಟಾಕೀಸಿನ ಮುಂದೆ ನಿಲ್ಲಿಸಿದರು. ಹೀರೋನ ಫ್ಲೆಕ್ಸಿಗಿಂತ ಅದು ಎರಡು ಅಡಿ ಎತ್ತರವಿತ್ತು. ಶುಕ್ರವಾರ ಮುಂಜಾನೆಯ ಮೊದಲ ಆಟಕ್ಕೆ ಓಣಿಯವರಿಗೆಲ್ಲ ತಾವೇ ಟಿಕೀಟು ತೆಗೆಸಿದರು. ಫ್ಲೆಕ್ಸಿಗೆ ಹಾರ ಹಾಕಿ, ಆರತಿ ಬೆಳಗಿ, ಕಾಯಿ ಒಡೆದು ಒಳಗೆ ಹೋಗುವಷ್ಟರಲ್ಲಿ ಸಿನೆಮಾದ ಹೆಸರು, ನಟರ ಹೆಸರುಗಳೆಲ್ಲ ಬಂದು ಹೋಗಿ ಹೀರೋ ಆಗಲೇ ಮುಗಿಲಲ್ಲಿ ಗಿರಕಿ ಹೊಡೆಯುತ್ತಿದ್ದ.

ಕುಬೇರಪ್ಪ ಸಾವಕಾರರ ಅಂಗಡಿಯಲ್ಲಿ ಹದಿನಾಲ್ಕು ವರ್ಷದಿಂದ ಮಂದಿಯ ಕಣ್ಣು ನೋಡಿ ನಂಬರು ಬರೆಯುವವನು. ಬರುವ ಸೋಮವಾರ ಸತ್ತೂರಿನಲ್ಲಿ ಹೊಸ ಅಂಗಡಿ ತೆರೆಯುವುದಿತ್ತು. ಅದನ್ನು ನಡೆಸುವವನು ನೀನೇ ಎಂದು ಸಾವಕಾರರು ಮಾತು ಕೊಟ್ಟಿದ್ದರು. ಹೆಂಡತಿ ದಾಕ್ಷಾಯಿಣಿ ಆಗಲೇ ತವರಿಗೆ ಫೋನ್ ಮಾಡಿ, ತನ್ನ ಗಂಡ ಮ್ಯಾನೇಜರ್ ಆದನೆಂದು ಹೇಳಿಯೂ ಬಿಟ್ಟಿದ್ದಳು. ಹಾಗಾಗಿ ಸಾವಕಾರರ ಮಗನನ್ನು ಕಣ್ತುಂಬ ನೋಡಿ ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು ಅವನು ಪರೀಕ್ಷೆಗೆ ಕೂತ ಹುಡುಗನಂತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

ಪರದೆಯ ಮೇಲೆ ಹೀರೋ ವಿಮಾನದ ಗಾಜು ಸರಿಸಿ, ಕೈ ಹೊರಗೆ ಹಾಕಿ ಎದುರಿನ ವಿಮಾನಕ್ಕೆ ಪಿಸ್ತೂಲಿನಿಂದ ಗುಂಡು ಹೊಡೆದ. ಅಷ್ಟು ಗಾಳಿಗೂ ಅವನ ಕ್ರಾಪು ಕದಲಲಿಲ್ಲ. ನಡು ಯುದ್ಧದಲ್ಲಿ ತಾಯಿಯ ಫೋನ್ ಬಂತು. ಉಂಡೆಯೋ ಇಲ್ಲವೋ ಎಂದು ಆಕೆ ಕೇಳಿ, ಇವನು ಹೇಳಿ, ಇಬ್ಬರೂ ಅತ್ತು ಮುಗಿಸುವವರೆಗೆ ಶತ್ರುಗಳು ಗುಂಡು ಹಾರಿಸದೆ ಕಾದರು. ಅಂಥ ಸಂಭಾವಿತ ಶತ್ರುಗಳನ್ನು ಕೊಂದನಲ್ಲ ಎಂದು ಕುಬೇರಪ್ಪನಿಗೆ ಕೆಡುಕೆನಿಸಿತು.

ಕೊನೆಯ ಯುದ್ಧ ಬಂತು. ಕುಬೇರಪ್ಪ ಉಸಿರು ಬಿಗಿಹಿಡಿದು ಎಡಗಡೆ ನೋಡಿದ. ಇದ್ದದ್ದೇ ಎರಡು ವಿಮಾನ. ಒಂದರಲ್ಲಿ ಹೀರೋ, ಇನ್ನೊಂದರಲ್ಲಿ ಖಳನಾಯಕ. ಎಡಗಡೆ ಬರೀ ಮೋಡವಿತ್ತು.

ಹೊರಗೆ ಬಂದರೆ ಶಶಿಕುಮಾರ ಮೈಕು ಹಿಡಿದು ನಿಂತಿದ್ದ. ಅವನು ಓಣಿಯ ಯೂಟ್ಯೂಬ್ ಚಾನೆಲ್ ನಡೆಸುವವನು. ಚರಂಡಿ ತುಂಬಿದರೂ ಮೂರು ಭಾಗದಲ್ಲಿ ವಿಡಿಯೋ ಮಾಡುವವನು. ಮೈಕು ಕಂಡದ್ದೇ ಮಂದಿಯ ಬಾಯಿ ತಾನೇ ತೆರೆಯಿತು.

"ಮೊದಲನೇ ಭಾಗ ನಾ ಎರಡು ಸಲ ನೋಡೇನಿ," ಎಂದರು ಅಮರಗೋಳದ ಕಾಳಿನ ವ್ಯಾಪಾರಿ ಫಕೀರಪ್ಪ. "ಅದ್ರಾಗ ವಿಮಾನ ಆಟಿಕಿ ಸಾಮಾನ ಇದ್ದಂಗ ಇದ್ವು. ಈ ಸಲದ್ದು ಖರೇ ವಿಮಾನ. ಸದ್ದಿನ ಮ್ಯಾಲೆ ಗೊತ್ತಾಗತೈತಿ." ಆ ಸದ್ದಿನಲ್ಲಿ ಅರ್ಧ ಅವರ ಗೊರಕೆಯದೆಂಬುದು ಪಕ್ಕದಲ್ಲಿ ಕೂತಿದ್ದ ಕುಬೇರಪ್ಪನಿಗೆ ಗೊತ್ತಿತ್ತು.

"ನಮ್ಮ ರೋಹಿತ ಹೆಂಗ ಹಾರಿಸಿದ ನೋಡ್ರಿ!" ಎಂದಳು ಎದುರುಮನೆಯ ದಾನವ್ವ. "ಹೆಲ್ಮೆಟ್ ಹಾಕಿದ್ರೂ ಕೂಸಿನ ಗದ್ದ ಗುರ್ತು ಹಿಡದೆ. ನಾನಽ ನೀರೆರದು ಬೆಳಿಸಿದ ಗದ್ದ."

ಸಾವಕಾರರ ಮುಖ ಹಿಗ್ಗಿಗೆ ಊದಿದ ಪೂರಿಯಂತಾಗಿತ್ತು. ಅವರು ಕುಬೇರಪ್ಪನ ಹೆಗಲ ಮೇಲೆ ಕೈ ಹಾಕಿದರು. "ನೀ ಹೇಳೋ ಕುಬೇರಾ. ಕಣ್ಣಿನ ಮನುಷ್ಯಾ ನೀ. ಹೆಂಗ ಕಂಡ ನಮ್ಮ ಹುಡುಗ?"

ಸಾವಕಾರರ ಮುಂದೆ ಅವನು ಎಂದೂ ಸುಳ್ಳು ಹೇಳಿದವನಲ್ಲ. "ಸಾವಕಾರ್ರ, ನನಗ ಕಾಣಲಿಲ್ರಿ," ಎಂದುಬಿಟ್ಟ.

ಫಕೀರಪ್ಪ ಕೆಮ್ಮಿದರು.

"ಕಾಣಲಿಲ್ಲ ಅಂದ್ರ?"

"ಎಡಗಡೆ ವಿಮಾನನಽ ಇರಲಿಲ್ರಿ."

"ನಾಕು ಇದ್ವು!" ಎಂದರು ಫಕೀರಪ್ಪ.

"ಆರು," ಎಂದಳು ದಾನವ್ವ.

ಸಾವಕಾರರು ಕೈ ತೆಗೆದರು. "ಪಾಪ, ವಯಸ್ಸಾತು. ಅಂಗಡಿಗೆ ನಡಿ, ಕಣ್ಣು ನೋಡೇ ಬಿಡೂಣು."

ಕುಬೇರಪ್ಪನ ಹಿಂದೆ ಮೆರವಣಿಗೆಯೇ ಹೊರಟಿತು. ಹದಿನಾಲ್ಕು ವರ್ಷ ಊರ ಮಂದಿಯನ್ನೆಲ್ಲ ಕೂರಿಸಿದ್ದ ಕುರ್ಚಿಯಲ್ಲಿ ಅವನನ್ನೇ ಕೂರಿಸಿ, ಸಾವಕಾರರು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದರು. ಗೋಡೆಯ ಮೇಲಿನ ಅಕ್ಷರಗಳನ್ನು ಅವನು ಓದುತ್ತ ಹೋದ. ದೊಡ್ಡ ಸಾಲು, ಸಣ್ಣ ಸಾಲು, ಅದಕ್ಕೂ ಸಣ್ಣದು.

"ಬಾಯಿಪಾಠ ಮಾಡ್ಯಾನ ತಗೋರಿ," ಎಂದರು ಫಕೀರಪ್ಪ. "ದಿನಾ ನೋಡಾಂವ."

ಕುಬೇರಪ್ಪನಿಗೆ ರೋಷ ಬಂತು. ಹಾಳೆಯ ಕಟ್ಟಕಡೆಗೆ, ಇರುವೆಯ ಕಾಲಿನಷ್ಟು ಸಣ್ಣಗೆ ಅಚ್ಚಾಗಿದ್ದ ಮುದ್ರಣಾಲಯದ ವಿಳಾಸವನ್ನು ಪಿನ್ ಕೋಡಿನ ಸಮೇತ ಓದಿದ. ಇನ್ನೊಂದು ಕಣ್ಣಿನಿಂದಲೂ ಓದಿ ತೋರಿಸಿದ. ನಿರಪರಾಧಿಯೆಂದು ಸಾಬೀತಾದೆ ಎಂದುಕೊಂಡು ಎಲ್ಲರ ಮುಖ ನೋಡಿದರೆ, ಎಲ್ಲರೂ ಅವನನ್ನು ಕಳ್ಳನನ್ನು ನೋಡಿದಂತೆ ನೋಡುತ್ತಿದ್ದರು.

"ಕಣ್ಣು ಛಲೋ ಅದಾವು," ಎಂದರು ಸಾವಕಾರರು ಮೆಲ್ಲಗೆ. "ಹಂಗಾರ ಕಾಣಲಿಲ್ಲ ಅಂತ ಯಾಕ ಅಂದಿ?"

"ದೋಷ ಕಣ್ಣಾಗಿಲ್ರಿ, ಹೊಟ್ಟ್ಯಾಗ ಐತಿ. ಉರಿ," ಎಂದಳು ದಾನವ್ವ.

"ಇಂಥಾವ್ನ ಕೈಯಾಗ ಸತ್ತೂರ ಅಂಗಡಿ ಕೊಡಾಕತ್ತೀರೇನ್ರಿ?" ಫಕೀರಪ್ಪನ ದನಿಯಲ್ಲಿ ಕನಿಕರ ಸೋರಿತು. "ನಮ್ಮ ಅಳಿಯ ಪ್ರಸಾದ ಸೋಮವಾರ ಖಾಲಿನಽ ಅದಾನ. ಪಿಚ್ಚರ್ ಅಂವಾನೂ ನೋಡಿದ. ಅವಂಗ ಸ್ವಚ್ಛ ಕಂಡೈತಿ."

ಸಾವಕಾರರು ಎಲ್ಲರನ್ನೂ ಹೋಳಿಗೆ ಊಟಕ್ಕೆ ಮನೆಗೆ ಕರೆದರು. ಕುಬೇರಪ್ಪನನ್ನು ಕರೆಯಲಿಲ್ಲ.

ಮನೆಯಲ್ಲಿ ದಾಕ್ಷಾಯಿಣಿ ತಣ್ಣನೆಯ ರೊಟ್ಟಿಯನ್ನು ಅವನ ಮುಂದೆ ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ಒಗೆದಳು ಅನ್ನಬೇಕು.

"ಕಂಡ ಅಂದ್ರ ನಿಮ್ಮ ಗಂಟೇನು ಹೋಗತಿತ್ತು?"

"ಇಲ್ಲದ್ದನ್ನ ಹೆಂಗ ಕಂಡೆ ಅನ್ಲಿ?"

"ನಾ ಅನ್ಲಿಲ್ಲೇನು? ಕಣ್ಣೀರು ಬಂತು ಅಂತನೂ ಹೇಳಿದೆ."

"ನೀ ಇಂಟರ್ವಲ್ ಆದ ಮ್ಯಾಲೆ ಒಳಗ ಬರಲೇ ಇಲ್ಲಲ್ಲ! ಹೊರಗ ದಾನವ್ವನ ಜೋಡಿ ಐಸ್‌ಕ್ರೀಮ್ ತಿನ್ನಾಕತ್ತಿದ್ದಿ."

"ಅದಕ್ಕಽ ಮತ್ತ! ಹೊರಗ ಕುಂತಾವರಿಗೆ ಕಂಡಿದ್ದು ಒಳಗ ಕುಂತ ನಿಮಗ ಕಾಣಲಿಲ್ಲ."

ಅಷ್ಟರಲ್ಲಿ ಪ್ರಸಾದ ಹೊಸ ಅಂಗಿ ಹಾಕಿಕೊಂಡು ಸಾವಕಾರರ ಮನೆಯೊಳಗೆ ಹೋಗುವುದು ಕಿಟಕಿಯಿಂದ ಕಾಣಿಸಿತು. ಅವನ ಕೈಯಲ್ಲಿ ಪೇಢೆಯ ಪುಡಿಕೆಯಿತ್ತು. ಕುಬೇರಪ್ಪ ಮುರಿದ ರೊಟ್ಟಿಯನ್ನು ತಾಟಿಗೆ ಹಾಕಿದ. ಹದಿನಾಲ್ಕು ವರ್ಷದ ದುಡಿಮೆ ಒಂದು ಪುಡಿಕೆ ಪೇಢೆಗೆ ಹೋಗುವುದಾದರೆ ಖರೇತನವನ್ನು ಕಟ್ಟಿಕೊಂಡು ಏನು ಮಾಡುವುದು? ಕೈ ತೊಳೆದವನೇ, ಮೈಕಿನ ಮುಂದೆ ಮಾತು ತಿದ್ದಿ ಹೇಳಲು ಶಶಿಕುಮಾರನನ್ನು ಹುಡುಕಿಕೊಂಡು ಹೊರಟ.

"ಮುಂಜಾನೆ ತೆಗೆದಿದ್ದೆಲ್ಲ ಕೆಲಸಕ್ಕ ಬರಲಿಲ್ರಿ ಕಾಕಾ," ಎಂದ ಶಶಿಕುಮಾರ. "ಬರೇ ಆಟೋ ಹಾರ್ನು. ನೀವು ಅಂಗಡ್ಯಾಗ ಕುಂತು ನಿವಾಂತ ಮಾತಾಡ್ರಿ."

ಸಂಜೆ ನಾಲ್ಕಕ್ಕೆ ಅಂಗಡಿಯಲ್ಲಿ ಎಲ್ಲರೂ ಸೇರಿದರು. ಕುಬೇರಪ್ಪ ಕ್ಯಾಮೆರಾದ ಮುಂದೆ ಕೂತ. ಮುಂಜಾನೆಯಿಂದ ಕಟ್ಟಿಹಾಕಿದ್ದ ಸುಳ್ಳು ಒಮ್ಮೆ ಹಗ್ಗ ಬಿಚ್ಚಿದ್ದೇ ಹೋರಿಯಂತೆ ಓಡಿತು.

"ಮುಂಜಾನೆ ನಾ ಕಾಣಲಿಲ್ಲ ಅಂದಿದ್ದಕ್ಕ ಕಾರಣ ಐತ್ರಿ," ಎಂದ. "ಕಣ್ಣಾಗ ನೀರು ತುಂಬಿತ್ತು. ಹೆಲ್ಮೆಟ್ಟಿನ್ಯಾಗ ರೋಹಿತನ ಕಣ್ಣಷ್ಟಽ ಕಾಣತಾವು. ಸಾವಿರಾರು ಮಂದಿ ಕಣ್ಣು ನೋಡೇನ್ರಿ ನಾ, ಅಂಥಾ ಕಣ್ಣು ನೋಡಿಲ್ಲ. ಎಡಗಣ್ಣಾಗ ದೇಶ, ಬಲಗಣ್ಣಾಗ ತಂದಿ. ವಿಮಾನ ಎಡಕ್ಕ ಹೊಳ್ಳಿತು, ಒಂದು ಹನಿ ಬಲಕ್ಕ ಹರೀತು. ಹೀರೋ ಇರೂದು ಬ್ಯಾಡಾಗಿತ್ರಿ ಆ ಪಿಚ್ಚರದಾಗ!"

ದಾನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾವಕಾರರು ಕುಬೇರಪ್ಪನನ್ನು ಬಾಚಿ ತಬ್ಬಿಕೊಂಡು ಎಲ್ಲರೆದುರು ಸತ್ತೂರ ಅಂಗಡಿಯ ಕೀಲಿ ಅವನ ಕೈಗಿಟ್ಟರು. ಪ್ರಸಾದ ಪೇಢೆಯ ಖಾಲಿ ಪುಡಿಕೆಯನ್ನು ನೋಡುತ್ತ ನಿಂತ. ಹತ್ತೇ ನಿಮಿಷದಲ್ಲಿ ವಿಡಿಯೋ ಏರಿಸಿದ ಶಶಿಕುಮಾರ, "ಕಾಕಾ, ಮಂದಿ ಮುಗಿಬಿದ್ದು ನೋಡಾಕತ್ತಾರ," ಎಂದು ಕೂಗಿದ. ತನಗೆ ಇಷ್ಟು ಚೆನ್ನಾಗಿ ಸುಳ್ಳು ಹೇಳಲು ಬರುತ್ತದೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲವಲ್ಲ ಎಂದು ಕುಬೇರಪ್ಪನಿಗೆ ಹೆಮ್ಮೆಯೆನಿಸಿತು.

ಐದಕ್ಕೆ ಟಾಕೀಸಿನ ಮ್ಯಾನೇಜರ್ ಅಜೀಮ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು. ಒಳಗೆ ಬಂದವನೇ ಸಾವಕಾರರಿಗೆ ಕೈ ಮುಗಿದ.

"ತಪ್ಪಾಗೈತ್ರಿ ಸಾವಕಾರ್ರ. ಮಂದಿಗೆ ಹಿಂದಿನ ಕತಿ ನೆನಪಾಗಲಿ ಅಂತ ನಿನ್ನೆ ಮೊದಲನೇ ಭಾಗ ಹಾಕಿದ್ವಿ. ಮಷೀನ್ ನಡಸಾಂವ ಇವತ್ತ ಮುಂಜಾನೇನೂ ಅದನ್ನಽ ಹಾಕಿಬಿಟ್ಟಾನ. ನೀವು ನೋಡಿದ್ದು ಹಳೇ ಪಿಚ್ಚರ್ರಿ. ಅದ್ರಾಗ ರೋಹಿತ ಇಲ್ಲಽ ಇಲ್ಲ."

ಎಲ್ಲರೂ ಗೋಡೆಯ ಮೇಲಿನ ಅಕ್ಷರ ಓದತೊಡಗಿದರು.

"ನಮಗೂ ಗೊತ್ತಾಗಲಿಲ್ರಿ," ಎಂದ ಅಜೀಮ. "ನೀವು ಅಷ್ಟು ಮಂದಿ ನೋಡಿ ಹೊಗಳಿಕೋತ ಹೋದ್ರಿ, ಒಬ್ಬರಾರ ದೂರಬೇಕಿಲ್ಲ? ಮಧ್ಯಾಹ್ನ ಕಾಲೇಜ್ ಹುಡುಗರು ಬಂದು ಕುರ್ಚಿ ಮುರದ ಮ್ಯಾಲೆ ತಿಳೀತು. ಇವತ್ತ ಆರರ ಆಟಕ್ಕ ಅದಽ ಟಿಕೀಟಿನ ಮ್ಯಾಲೆ ಬರ್ರಿ."

ಅವನು ಹೋದ. ಮೊದಲು ಚೇತರಿಸಿಕೊಂಡವರು ಫಕೀರಪ್ಪ. "ನನಗ ಅವಾಗಽ ಸಂಶಯ ಬಂದಿತ್ತು. ವಿಮಾನ ಹಳೇವು ಕಂಡ್ವು."

"ನಾ ಎಲ್ಲಿ ಕಂಡ ಅಂದೆ?" ಎಂದಳು ದಾನವ್ವ. "ಗದ್ದ ಇದ್ದಂಗ ಐತಿ ಅಂದೆ. ಗದ್ದ ಯಾರಿಗಿರೂದಿಲ್ಲ?"

ಕುಬೇರಪ್ಪ ಕುರ್ಚಿಯಿಂದ ಎದ್ದು ನಿಂತ. ಇಡೀ ಊರಿನಲ್ಲಿ ತಾನೊಬ್ಬನೇ ಖರೇ ಹೇಳಿದವನು! "ಸಾವಕಾರ್ರ, ಮುಂಜಾನೆ ನಾ ಹೇಳಿದ್ನಿಲ್ರಿ? ಕಾಣಲಿಲ್ಲ ಅಂತ ಎಲ್ಲಾರ ಮುಂದ ಹೇಳಿದ್ನಿಲ್ಲ?"

"ಹೇಳಿದಿ," ಎಂದರು ಸಾವಕಾರರು. ಅವರ ದನಿ ತೀರ ಶಾಂತವಾಗಿತ್ತು. "ಅದಕ್ಕಽ ಕೇಳಾಕತ್ತೇನಿ. ಇವರೆಲ್ಲಾ ಹೆಲ್ಮೆಟ್ ನೋಡಿ ಯಾರನ್ನೋ ನಮ್ಮ ಹುಡುಗ ಅಂತ ತಿಳಕೊಂಡ್ರು. ಮಂದಿ, ತಪ್ಪತಾರ. ಆದ್ರ ನಿನಗ ಅಂವ ಇಲ್ಲ ಅನ್ನೂದು ಗೊತ್ತಿತ್ತು. ಗೊತ್ತಿದ್ದೂ ಎಡಗಣ್ಣಾಗ ದೇಶ, ಬಲಗಣ್ಣಾಗ ತಂದಿ ಅಂದಿ. ಈ ಓಣ್ಯಾಗ ಬೇಕಂತ ಸುಳ್ಳು ಹೇಳಿದಾಂವ ನೀ ಒಬ್ಬನಽ."

"ಅಂಗಡಿ ಸಲುವಾಗಿ ಹೇಳಿದೆರಿ..."

"ಅದೂ ನಿನ್ನ ಬಾಯಿಲೇ ಬಂತು," ಎಂದು ಸಾವಕಾರರು ಕೈ ಚಾಚಿದರು. ಕೀಲಿ ಅವನ ಕೈಯಿಂದ ಅವರ ಕೈಗೆ, ಅಲ್ಲಿಂದ ಪ್ರಸಾದನ ಕಿಸೆಗೆ ಹೋಯಿತು.

"ವಿಡಿಯೋನಾರ ತೆಗದು ಹಾಕೋ ಶಶಿ," ಎಂದು ಕುಬೇರಪ್ಪ ಗೋಗರೆದ.

"ಹೆಂಗ ತೆಗೀಲಿ ಕಾಕಾ? ಐದು ಸಾವಿರ ಮಂದಿ ನೋಡ್ಯಾರ. ಹೆಸರಷ್ಟ ಬದಲಿ ಮಾಡೇನಿ ನೋಡ್ರಿ: 'ಸಿನೆಮಾದಾಗ ಇಲ್ಲದ ಹುಡುಗನನ್ನ ಕಂಡು ಅತ್ತ ಹುಬ್ಬಳ್ಳಿ ಮನುಷ್ಯ'."

ಐದೂವರೆಗೆ ಓಣಿಯವರೆಲ್ಲ ಮತ್ತೆ ಟಾಕೀಸಿಗೆ ಹೊರಟರು. ಹೋಗುತ್ತಲೇ ಎರಡನೇ ಭಾಗ ಮೊದಲನೆಯದಕ್ಕಿಂತ ಎಷ್ಟು ಪಾಲು ಮೇಲೆಂದು ಫಕೀರಪ್ಪ ವಿವರಿಸುತ್ತಿದ್ದರು. ಕುಬೇರಪ್ಪನೂ ತನ್ನ ಹರಿದ ಅರ್ಧ ಟಿಕೀಟು ಹುಡುಕಿ, ಚಪ್ಪಲಿ ಮೆಟ್ಟಿದ. ಬಾಗಿಲಲ್ಲಿ ದಾಕ್ಷಾಯಿಣಿ ಅಡ್ಡ ನಿಂತು ಟಿಕೀಟು ಕಸಿದುಕೊಂಡಳು.

"ನೀವು ಮನ್ಯಾಗಽ ಇರ್ರಿ," ಎಂದಳು. "ನಿಮಗ ಅಂವ ಕಂಡ್ರೂ ತ್ರಾಸು, ಕಾಣದಿದ್ರೂ ತ್ರಾಸು."