ಸಂಜೆಗೆ ವಾಪಸ್ ಬರುವ ಸೂಟ್‌ಕೇಸು

ದೇಶದ ಆರ್ಥಿಕ ಪರಿಸ್ಥಿತಿಯನ್ನು ಇನ್ನು ನಾನೇ ಸರಿಮಾಡಬೇಕು ಎಂದು ಒಂದು ದಿನ ಬೆಳಿಗ್ಗೆ ಹಲ್ಲುಜ್ಜುವಾಗ ತೀರ್ಮಾನಿಸಿದೆ. ಇಡೀ ದೇಶದ್ದು ಒಂದೇ ಏಟಿಗೆ ಆಗುವ ಮಾತಲ್ಲ, ಒಪ್ಪುತ್ತೇನೆ. ಮೊದಲು ನಮ್ಮ ಅಂಗಡಿಯದು, ಬಿಡುವಾದಾಗ ಉಳಿದದ್ದು.

ನಮ್ಮದು ಸೂಟ್‌ಕೇಸಿನ ಅಂಗಡಿ. ನಮ್ಮದು ಎಂದರೆ ಯಜಮಾನರದು, ನಾನು ಅಲ್ಲಿ ಸೇಲ್ಸ್‌ಮನ್. ಸೂಟ್‌ಕೇಸು ಮಾರುವವನಿಗೆ ಪ್ರವಾಸದ ಮೇಲೆ ಭಕ್ತಿ ಇರುತ್ತದೆ ಎಂದು ನೀವು ಅಂದುಕೊಂಡಿದ್ದರೆ ಕ್ಷಮಿಸಿ, ನನಗೆ ಪ್ರವಾಸಿಗರನ್ನು ಕಂಡರೆ ಆಗುವುದಿಲ್ಲ. ಮನೆಯ ಮೆತ್ತನೆ ಹಾಸಿಗೆ ಬಿಟ್ಟು, ಗಂಟೆಗಟ್ಟಲೆ ಬಸ್ಸಿನಲ್ಲಿ ಕುಲುಕಾಡಿ, ಯಾವುದೋ ಊರಿನ ಗಟ್ಟಿ ಮಂಚದ ಮೇಲೆ ಹೊರಳಾಡಿ, ಹೊಟ್ಟೆ ಕೆಡಿಸಿಕೊಂಡು ವಾಪಸ್ ಬರುವುದಕ್ಕೆ ಇವರು 'ಚೇಂಜ್' ಅನ್ನುತ್ತಾರೆ. ಬೆಟ್ಟ ನೋಡಲೆಂದೇ ಅಷ್ಟು ದೂರ ಹೋಗಿ, ಅಲ್ಲಿ ಬೆಟ್ಟಕ್ಕೆ ಬೆನ್ನು ಹಾಕಿ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಬೆಟ್ಟ ಪಾಪ, ಸುಮ್ಮನಿರುತ್ತದೆ.

ಆದರೆ ಇತ್ತೀಚೆಗೆ ಈ ಮಹಾನುಭಾವರೂ ಕೈ ಬಿಗಿಹಿಡಿದು ಮನೆಯಲ್ಲಿ ಕೂತುಬಿಟ್ಟಿದ್ದರು. ಅಂಗಡಿಗೆ ಬರುತ್ತಿದ್ದರು, ಇಲ್ಲವೆಂದಲ್ಲ. ಜಿಪ್ ಎಳೆದು, ಚಕ್ರ ಉರುಳಿಸಿ, ಒಳಗಿನ ಖಾನೆಗಳಿಗೆಲ್ಲ ಕೈ ತೂರಿಸಿ, "ಹೋಗೋದು ಗ್ಯಾರಂಟಿ ಆದ್ಮೇಲೆ ಬರ್ತೀವಿ" ಎಂದು ಎದ್ದುಹೋಗುತ್ತಿದ್ದರು. ನನ್ನ ಜೊತೆಯ ಇನ್ನೊಬ್ಬ ಸೇಲ್ಸ್‌ಮನ್‌ಗೆ ಇದರಿಂದ ಒಳಗೊಳಗೇ ಖುಷಿ. ಅವನಿಗೆ ನಾನಿಟ್ಟ ಹೆಸರು ಅರ್ಥಸಚಿವ. ಗಿರಾಕಿ ಬೀಗದ ನಂಬರು ಹೇಗೆ ಬದಲಾಯಿಸುವುದು ಎಂದು ಕೇಳಿದರೆ ಅವನು ಪೆಟ್ರೋಲ್ ಬೆಲೆಯಿಂದ ಶುರುಮಾಡುತ್ತಾನೆ. "ಇದು ಜಾಗತಿಕ ಕುಸಿತ ಕಣಯ್ಯ, ನಾವೇನು ಮಾಡಕ್ಕಾಗುತ್ತೆ" ಎಂದು ಹೇಳಿ ಇರುವುದರಲ್ಲೇ ದೊಡ್ಡ ಸೂಟ್‌ಕೇಸಿಗೆ ಒರಗಿ ತೂಕಡಿಸುತ್ತಾನೆ.

ಯಜಮಾನರಿಗೆ ಜಾಗತಿಕ ಕುಸಿತ ಅರ್ಥವಾಗುವುದಿಲ್ಲ. ಅವರು ಇಬ್ಬರನ್ನೂ ಕರೆದು, "ನೋಡಿ, ತಿಂಗಳ ಕೊನೆಗೆ ಕೌಂಟರಿಗೆ ಒಬ್ಬರನ್ನೇ ಇಟ್ಕೋತೀನಿ. ಯಾರು ಮಾಲು ಹೊರಗೆ ಕಳಿಸ್ತಾರೋ ಅವರನ್ನ" ಎಂದರು. ಈ ವಯಸ್ಸಿನಲ್ಲಿ ಇನ್ನೊಂದು ಅಂಗಡಿಯ ಬಾಗಿಲು ತಟ್ಟುವುದು ನನ್ನಿಂದಾಗುವ ಮಾತಲ್ಲ.

ಸಾಲದು ಎಂಬಂತೆ ಅದೇ ವಾರ ಡಾಕ್ಟರು ನನ್ನ ರಕ್ತದ ವರದಿ ನೋಡಿ ತಲೆಯಾಡಿಸಿದರು. "ಕಾಫಿ ಇನ್ನು ಒಂದೇ ಸಲ. ನಿಮಗೆ ಮಾತ್ರೆಗಿಂತ ನಡಿಗೆ ಮುಖ್ಯ. ಕೈಯಲ್ಲಿ ಸ್ವಲ್ಪ ಭಾರ ಇದ್ರೆ ಇನ್ನೂ ಒಳ್ಳೇದು." ಈ ಡಾಕ್ಟರು ಕುರ್ಚಿ ಬಿಟ್ಟು ಎದ್ದದ್ದನ್ನು ನಾನು ಇದುವರೆಗೆ ನೋಡಿಲ್ಲ. ನಮ್ಮ ಬಡಾವಣೆಯ ಆರೋಗ್ಯವಂತರೂ ಅಷ್ಟೆ, ನಡೆಯಲು ಪಾರ್ಕಿಗೆ ಕಾರಿನಲ್ಲಿ ಹೋಗುತ್ತಾರೆ.

ಇಂಥ ದಡ್ಡರ ನಡುವೆ ನನ್ನೊಬ್ಬನ ತಲೆ ಮಾತ್ರ ಓಡಿತು. ಅಂಗಡಿಯ ಹೊಸ ಕೆಂಪು ಸೂಟ್‌ಕೇಸನ್ನು ಮನೆಗೆ ತಂದೆ. ಇನ್ನು ದಿನಾ ಬೆಳಿಗ್ಗೆ ಅದನ್ನು ಎಳೆದುಕೊಂಡು ನಡೆದೇ ಅಂಗಡಿಗೆ ಹೋಗುವುದು, ಸಂಜೆ ಹಾಗೇ ನಡೆದು ಬರುವುದು. ಬಸ್ಸಿನ ಖರ್ಚು ಉಳಿಯಿತು, ರಕ್ತ ಶುದ್ಧವಾಯಿತು, ದಾರಿಯುದ್ದಕ್ಕೂ ಮಾಲಿನ ಪ್ರಚಾರವೂ ಆಯಿತು. ಇಷ್ಟನ್ನು ಒಂದೇ ಏಟಿಗೆ ಸಾಧಿಸಿದವರು ಇತಿಹಾಸದಲ್ಲಿ ಕಡಿಮೆ.

ಹೆಂಡತಿ ಸೂಟ್‌ಕೇಸನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ದಿನಾ ಬೆಳಿಗ್ಗೆ ಹೀಗೆ ಪೆಟ್ಟಿಗೆ ಎಳ್ಕೊಂಡು ಹೊರಟ್ರೆ ಬೀದಿಯವರು ಏನಂದ್ಕೋತಾರ್ರೀ?"

"ಎಂಥ ಒಳ್ಳೆ ಸೂಟ್‌ಕೇಸು ಅಂದ್ಕೋತಾರೆ."

"ನಾನು ಕೇಳಿದ್ದು ಸೂಟ್‌ಕೇಸಿನ ವಿಷಯ ಅಲ್ಲ."

"ನಿನಗೆ ವ್ಯಾಪಾರ ಅರ್ಥ ಆಗಲ್ಲ, ಬಿಡು."

ಅವಳು ಬಿಟ್ಟಳು. ಖಾಲಿ ಪೆಟ್ಟಿಗೆ ಡಬಡಬ ಸದ್ದು ಮಾಡುತ್ತದೆಂದು, ನೆಲ ಒರೆಸಲು ತೆಗೆದಿಟ್ಟಿದ್ದ ನನ್ನ ಹಳೇ ಬಟ್ಟೆಗಳನ್ನೆಲ್ಲ ಅದರಲ್ಲಿ ತುರುಕಿದಳು. ಡಾಕ್ಟರ ಮಾತಿಗೆ ಬೆಲೆ ಕೊಟ್ಟು ನಡುವೆ ಎರಡು ಇಟ್ಟಿಗೆಯನ್ನೂ ಇಟ್ಟಳು.

ಪ್ರಚಾರ ಮೊದಲ ದಿನವೇ ಫಲ ಕೊಟ್ಟಿತು! ನಾನು ಗೇಟು ದಾಟುತ್ತಿದ್ದಂತೆ ಎದುರುಮನೆಯ ಹೊಲಿಗೆಯಾಕೆಯ ಮಿಷನ್ನು ನಿಂತಿತು.

"ಎಷ್ಟು ದಿನಕ್ಕಣ್ಣ?" ಎಂದಳು.

"ಸಂಜೆಗೇ ಬಂದುಬಿಡ್ತೀನಮ್ಮ."

ಅವಳ ಕಣ್ಣು ತೇವವಾಯಿತು. ಹೊಸ ಪೆಟ್ಟಿಗೆಯ ಹೊಳಪು ಕಣ್ಣಿಗೆ ಚುಚ್ಚಿರಬೇಕು ಎಂದುಕೊಂಡೆ. ಮರುದಿನ ಮತ್ತೆ ಮಿಷನ್ನು ನಿಂತಿತು.

"ಇವತ್ತೂನಾ?"

"ಇನ್ನು ದಿನಾ ಹೀಗೇ."

"ಅಕ್ಕ ಏನೂ ಅನ್ನಲ್ವಾ?"

"ಅವಳೇ ತುಂಬಿಕೊಟ್ಟಿದ್ದು. ಆದರೆ ಹೊರಡೋ ತೀರ್ಮಾನ ನಂದೇ."

"ಹಾಗೇ ಹೇಳ್ಬೇಕು ಅಣ್ಣ. ಮರ್ಯಾದೆ ಉಳಿಸ್ಕೋಬೇಕಲ್ಲ" ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ವ್ಯಾಪಾರದ ಮರ್ಯಾದೆಯ ಬಗ್ಗೆ ಇಷ್ಟೊಂದು ತಿಳಿವಳಿಕೆ ಇರುವ ಹೆಂಗಸು ಎದುರುಮನೆಯಲ್ಲೇ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

ವಾರ ಕಳೆಯುವಷ್ಟರಲ್ಲಿ ನಾನು ಬೀದಿಗೆ ಇಳಿದರೆ ಕಿಟಕಿಗಳು ತೆರೆಯುತ್ತಿದ್ದವು. ಮೂಲೆಯ ಕ್ಷೌರಿಕ ನನ್ನನ್ನು ಒಳಗೆ ಕರೆದು ಕೂರಿಸಿ ನೀರು ಕೊಟ್ಟ, ಹೆಗಲು ತಟ್ಟಿದ. ಅರ್ಥಸಚಿವನಿಗೆ ಇದನ್ನೆಲ್ಲ ವರ್ಣಿಸಿ ಹೇಳಿದೆ. "ಮಾರಾಟ ಆಯ್ತಾ?" ಎಂದು ಅವನು ಆಕಳಿಸುತ್ತ ಕೇಳಿದ. ಹೊಟ್ಟೆಕಿಚ್ಚು ಅಂದರೆ ಇದೇ.

ಆಮೇಲೊಂದು ದಿನ ಇಟ್ಟಿಗೆಗಳು ತಮ್ಮ ಕೆಲಸ ಮಾಡಿದವು. ಸರಿಯಾಗಿ ಹೊಲಿಗೆಯಾಕೆಯ ಬಾಗಿಲ ಮುಂದೆ ಜಿಪ್ಪು ಬಾಯಿ ಬಿಟ್ಟಿತು. ನನ್ನ ತೂತುಬಿದ್ದ ಬನಿಯನ್ನುಗಳು, ಮೊಣಕಾಲು ಹರಿದ ಪೈಜಾಮಗಳು, ಒಂಟಿ ಕಾಲುಚೀಲಗಳು ರಸ್ತೆಯಗಲಕ್ಕೂ ಹರಡಿದವು. ಹೊಲಿಗೆಯಾಕೆ ಓಡಿಬಂದು ಒಂದೊಂದನ್ನೇ ಕೊಡವಿ ಮಡಚಿಟ್ಟಳು. ಒಂದು ಬನಿಯನ್ನನ್ನು ಬೆಳಕಿಗೆ ಹಿಡಿದು ನೋಡಿ, "ಇಂಥದ್ದನ್ನ ಕೊಟ್ಟು ಕಳಿಸೋದಾ" ಎಂದು ನಿಟ್ಟುಸಿರು ಬಿಟ್ಟಳು. ನಾನು ಇಟ್ಟಿಗೆಗಳನ್ನು ಬೇಗ ಬೇಗ ಒಳಗೆ ಹಾಕಿಕೊಂಡೆ. ಅದನ್ನೂ ಅವಳು ನೋಡಿದಳು. ತಲೆದಿಂಬಿಗೂ ಗತಿಯಿಲ್ಲದೆ ಇಟ್ಟಿಗೆ ಇಟ್ಟುಕೊಂಡಿದ್ದಾರೆ ಎಂದು ಅರ್ಥಮಾಡಿಕೊಂಡಳಂತೆ, ಆಮೇಲೆ ತಿಳಿಯಿತು.

ಆ ಭಾನುವಾರ ಭಾವ ಬಂದಿಳಿದರು. ನನ್ನ ಹೆಂಡತಿಯ ಅಣ್ಣ, ನಿವೃತ್ತ ಹೆಡ್‌ಮಾಸ್ತರು. ಈಗಲೂ ಎದುರಿಗಿರುವವರೆಲ್ಲ ಬೆಂಚಿನ ಮೇಲೆ ಕೂತಿದ್ದಾರೆ ಎಂದೇ ಮಾತಾಡುತ್ತಾರೆ. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಸಂಸಾರ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಅದಕ್ಕೆ ದಿನಾ ಬೆಳಿಗ್ಗೆ ಗಂಡನ್ನ ಮನೆಯಿಂದ ಹೊರಗೆ ಹಾಕೋದಾ ತಂಗಿ? ನೀವಾದ್ರೂ, ನಾಚಿಕೆ ಬೇಡವೇನ್ರೀ, ಸಂಜೆ ಆದ ಕೂಡಲೇ ವಾಪಸ್ ಬರೋಕೆ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಿಟಕಿಗಳು, ಕ್ಷೌರಿಕನ ನೀರು, ಮರ್ಯಾದೆಯ ಮಾತು, ಎಲ್ಲವೂ ಒಟ್ಟಿಗೆ ತಲೆಯೊಳಗೆ ಇಳಿದವು. ಇಡೀ ಬೀದಿ ಸೂಟ್‌ಕೇಸನ್ನು ನೋಡಿರಲೇ ಇಲ್ಲ, ನನ್ನನ್ನು ನೋಡಿತ್ತು. ಭಾವನಿಗೆ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು ನಂಬಿದಂತೆ ಕಾಣಲಿಲ್ಲ, ಊಟ ಮಾಡಿ ಹೋದರು.

"ಬೀದಿಯವರು ಹೀಗೆ ಆಡಿಕೊಳ್ತಿದ್ದಾರೆ ಅಂತ ನನಗೆ ಹೇಳೋಕೇನಾಗಿತ್ತು ನಿನಗೆ?" ಎಂದು ಹೆಂಡತಿಯ ಮೇಲೆ ಹಾರಾಡಿದೆ.

"ಮೊದಲ ದಿನವೇ ಹೇಳಿದ್ನಲ್ಲ. ನನಗೆ ವ್ಯಾಪಾರ ಅರ್ಥ ಆಗಲ್ಲ ಅಂದ್ರಿ."

"ಬೀದಿಯ ಹೆಂಗಸರು ನಿನ್ನನ್ನೂ ಕೇಳಿರಬೇಕಲ್ಲ, ಆಗಲಾದರೂ ಇಲ್ಲ ಅನ್ನಬಾರದಿತ್ತಾ?"

"ನಿಮ್ಮ ಕೆಲಸ ಉಳೀಬೇಕಲ್ಲ" ಎಂದಳು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಹೆಂಗಸರ ಮಾತಿಗೆಲ್ಲ ಅರ್ಥ ಹುಡುಕುತ್ತ ಕೂರುವಷ್ಟು ಪುರುಸೊತ್ತು ನನಗಿಲ್ಲ.

ಸಂಬಂಧ ಮರುದಿನ ಅಂಗಡಿಯಲ್ಲೇ ಕಂಡಿತು. ಬಾಗಿಲಲ್ಲಿ ನಮ್ಮ ಬೀದಿಯ ಹೆಂಗಸರ ದಂಡು ನಿಂತಿತ್ತು, ಮುಂದಾಳು ಹೊಲಿಗೆಯಾಕೆ. ಎಲ್ಲರಿಗೂ ಅದೇ ಮಾಡೆಲ್ಲು, ಅದೇ ಕೆಂಪು ಬಣ್ಣ ಬೇಕು. ಯಾರೂ ಜಿಪ್ ಎಳೆಯಲಿಲ್ಲ, ಚಕ್ರ ಉರುಳಿಸಲಿಲ್ಲ. ಅರ್ಥಸಚಿವ ಎಚ್ಚರವಾಗಿಯೇ ಇದ್ದ. ನಾನು ಎದೆಯುಬ್ಬಿಸಿ ನಿಂತೆ. ಪ್ರಚಾರ ಅಂದರೆ ಇದು!

ಯಜಮಾನರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದರು. "ಎಲ್ಲರೂ ಒಟ್ಟಿಗೆ ಎಲ್ಲಿಗಮ್ಮ ಪ್ರಯಾಣ?"

"ನಾವು ಎಲ್ಲೂ ಹೋಗಲ್ಲ" ಎಂದಳು ಹೊಲಿಗೆಯಾಕೆ. "ನಮ್ಮ ಎದುರುಮನೆ ಅಕ್ಕ ಹೇಳಿದ್ರು. ಗಂಡನ ಹಳೇ ಬಟ್ಟೆ ಇದರಲ್ಲಿ ತುಂಬಿ ಬೆಳಿಗ್ಗೆ ಬಾಗಿಲ ಹತ್ರ ಇಟ್ಟರೆ ಸಾಕಂತೆ, ಸಂಜೆ ಹೊತ್ತಿಗೆ ಮೆತ್ತಗಾಗಿ ಬರ್ತಾರಂತೆ. ಅವರ ಮನೆಯವರು ಈಗ ಎರಡನೇ ಸಲ ಕಾಫಿ ಕೇಳೋದೂ ಇಲ್ವಂತೆ. ಹಿಡಿ ಗಟ್ಟಿ, ಚಕ್ರ ಸಿಕ್ಕಿಹಾಕ್ಕೊಳ್ಳಲ್ಲ, ಕೆಂಪು ಬಣ್ಣ ಆದ್ರೆ ದೂರದಿಂದಲೇ ಕಾಣ್ಸುತ್ತೆ, ನಾಚಿಕೆ ಬೇಗ ಆಗುತ್ತೆ ಅಂತಲೂ ಹೇಳಿದ್ರು."

ಎಲ್ಲರೂ ನನ್ನ ಕಡೆ ತಿರುಗಿದರು. ಎರಡನೇ ಸಲ ಕಾಫಿ ಕೇಳುವುದನ್ನು ಬಿಡಿಸಿದ್ದು ಡಾಕ್ಟರು, ನಾಚಿಕೆ ಅಲ್ಲ, ಎಂದು ಹೇಳಲು ಬಾಯಿ ತೆರೆದೆ. ಯಜಮಾನರು ಕೈ ಅಡ್ಡ ಮಾಡಿ, ಬಿಲ್ಲು ಬರೆಯುವಂತೆ ಸನ್ನೆ ಮಾಡಿದರು. ಹದಿನೈದು ದಿನದಲ್ಲಿ ಗೋದಾಮಿನ ಕೆಂಪು ಸೂಟ್‌ಕೇಸುಗಳೆಲ್ಲ ಪಕ್ಕದ ಬಡಾವಣೆಗಳವರೆಗೂ ಹೋದವು.

ತಿಂಗಳು ಮುಗಿಯುವ ಮೊದಲೇ ಅರ್ಥಸಚಿವ ತಾನಾಗಿ ಕೆಲಸ ಬಿಟ್ಟ. ಯಾವುದೋ ಟೀವಿಯವರು ಅವನನ್ನು ಆರ್ಥಿಕ ತಜ್ಞನನ್ನಾಗಿ ಮಾಡಿಕೊಂಡರು. ಅಲ್ಲಿಯೂ ಪೆಟ್ರೋಲ್ ಬೆಲೆಯಿಂದಲೇ ಶುರುಮಾಡುತ್ತಾನೆ, ಆದರೆ ಒರಗಲು ಒಳ್ಳೆಯ ಕುರ್ಚಿ ಕೊಟ್ಟಿದ್ದಾರೆ. ನನಗೆ ಬಲು ನಿರಾಳವಾಯಿತು. ಇಬ್ಬರಲ್ಲಿ ಒಬ್ಬ ಹೋದ ಮೇಲೆ ಉಳಿದವನು ನಾನೇ ತಾನೇ? ಇಷ್ಟು ಲೆಕ್ಕ ಯಜಮಾನರಿಗೂ ಬರುತ್ತದೆ. ಅವರು ಕರೆದಾಗ ತಲೆ ಬಾಚಿಕೊಂಡು ಹೋದೆ.

"ಮಾಲು ಹೊರಗೆ ಕಳಿಸಿದವರನ್ನೇ ಕೌಂಟರಿಗೆ ಇಟ್ಕೋತೀನಿ ಅಂದಿದ್ದೆ" ಎಂದರು. "ಫೋನ್ ಮಾಡಿ ಮಾತಾಡಿದ್ದೀನಿ. ನಾಳೆಯಿಂದ ನಿಮ್ಮ ಮನೆಯವರು ಬರ್ತಾರೆ."

ಬಾಚಿದ್ದ ತಲೆಯನ್ನು ಕೆರೆದುಕೊಂಡೆ. "ಹಾಗಾದ್ರೆ ನಾನು ಮನೆಗೆ ಹೋಗೋದಾ ಯಜಮಾನ್ರೇ?"

"ಛೆ, ನಿಮ್ಮನ್ನ ಬಿಡ್ತೀನಾ? ಸಂಬಳ ಅದೇ, ಕೆಲಸ ಬೇರೆ. ಇವತ್ತಿನಿಂದ ನಿಮ್ಮದು ಹೊರಗಡೆ ಕೆಲಸ. ದಿನಕ್ಕೊಂದು ಬೀದಿ. ಸೂಟ್‌ಕೇಸು ಎಳ್ಕೊಂಡು ಸುಮ್ಮನೆ ನಡೀತಾ ಹೋಗಿ. ಯಾರೇನು ಕೇಳಿದ್ರೂ ಬಾಯಿ ಮಾತ್ರ ಬಿಡಬೇಡಿ."

"ಮತ್ತೆ ಮುಖ? ಮುಖ ಹೇಗಿಟ್ಕೊಂಡು ನಡೀಲಿ?"

ಯಜಮಾನರು ಕನ್ನಡಕ ತೆಗೆದು, ಮಾಲು ಪರೀಕ್ಷಿಸುವಂತೆ ನನ್ನನ್ನು ಒಮ್ಮೆ ನಿಧಾನವಾಗಿ ನೋಡಿದರು.

"ಏನೂ ಮಾಡೋಕೆ ಹೋಗಬೇಡಿ" ಎಂದರು. "ಈಗ ಹೇಗಿದೆಯೋ ಹಾಗೇ ಇರಲಿ."