ಕುಂಕುಮ ಹಚ್ಚಿದ ಕ್ರೆಡಿಟ್ ಕಾರ್ಡು

ಜಂಬ ಕೆಟ್ಟದ್ದು ಎನ್ನುವವರನ್ನು ನಾನು ಹೆಚ್ಚು ನಂಬುವುದಿಲ್ಲ. ಜಂಬಪಡಲು ಏನೂ ಸಿಗದವರೇ ಹಾಗೆ ಹೇಳುವುದು. ನನಗೆ ಆ ಕೊರತೆ ಇಲ್ಲ. ಜಾಲಹಳ್ಳಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ದುಡಿದವನು ನಾನು. ನನ್ನ ಕೈಕೆಳಗೆ ಕಬ್ಬಿಣ ಕಡೆಯುತ್ತಿದ್ದ ಲೇತು ಒಂದು ದಿನವೂ ಮುನಿಸಿಕೊಂಡಿರಲಿಲ್ಲ. ಅಬ್ಬಿಗೆರೆಯಲ್ಲಿ ಸ್ವಂತ ಮನೆ ಕಟ್ಟಿಸಿದಾಗ ಪ್ರತಿ ಕೋಣೆಯಲ್ಲೂ ಗೋಲಿ ಉರುಳಿಸಿ ನೆಲದ ಮಟ್ಟ ನೋಡಿದವನೂ ನಾನೇ. ಇವೆಲ್ಲದರ ಮೇಲೆ ಕಳಶವಿಟ್ಟಂತೆ, ನಿವೃತ್ತನಾದ ವರ್ಷ ಬ್ಯಾಂಕಿನವರು ತಾವಾಗಿಯೇ ಕರೆದು ನನಗೊಂದು ಕ್ರೆಡಿಟ್ ಕಾರ್ಡು ಕೊಟ್ಟರು. ಕೇಳದೆ ಸಿಕ್ಕ ಮರ್ಯಾದೆ ಎಂದರೆ ನನ್ನ ಜೀವನದಲ್ಲಿ ಅದೊಂದೇ.

ಕಾರ್ಡು ಬಂದದ್ದು ಆಯುಧಪೂಜೆಯ ಹಿಂದಿನ ದಿನ. ಟೂಲ್ ರೂಮಿನವರಿಗೆ ಆಯುಧಪೂಜೆಗಿಂತ ದೊಡ್ಡ ಹಬ್ಬವಿಲ್ಲ. ಲೇತಿನಿಂದ ಹಿಡಿದು ಎಣ್ಣೆ ಡಬ್ಬಿಯವರೆಗೆ ಕುಂಕುಮ ಬೀಳದೆ ಯಾವುದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ನಿವೃತ್ತನಾದವನಿಗೆ ಆಯುಧವೆಲ್ಲಿಂದ ಬರಬೇಕು? ಸ್ಕೂಟರು, ಮಿಕ್ಸಿ, ಸ್ಕ್ರೂಡ್ರೈವರ್‌ಗಳ ಪಕ್ಕದಲ್ಲಿ ಕಾರ್ಡನ್ನೂ ಇಟ್ಟು, ಕೆಳಗಡೆ ದಪ್ಪನಾಗಿ ಒಂದು ಕುಂಕುಮದ ಬೊಟ್ಟು ಒತ್ತಿದೆ. ಮಾರನೆಯ ದಿನ ಅದನ್ನು ಲ್ಯಾಮಿನೇಶನ್ ಮಾಡಿಸಲು ಹೋದೆ. ಹಿಂದೆ ಕ್ವಾರ್ಟರ್ಸಿನಲ್ಲಿದ್ದಾಗ ಇಲಿಯೊಂದು ನಮ್ಮ ರೇಷನ್ ಕಾರ್ಡಿನಲ್ಲಿ ನನ್ನ ಹೆಸರನ್ನು ಮಾತ್ರ ತಿಂದುಹಾಕಿತ್ತು. ಅಂದಿನಿಂದ ಮನೆಗೆ ಬರುವ ಯಾವ ಮುಖ್ಯ ಕಾಗದವನ್ನೂ ನಾನು ಬರಿಮೈಯಲ್ಲಿ ಬಿಟ್ಟಿಲ್ಲ. ಅಂಗಡಿಯವನು, "ಸಾರ್, ಇದೇ ಪ್ಲಾಸ್ಟಿಕ್ಕು, ಇದಕ್ಕ್ಯಾಕ್ ಸಾರ್ ಪ್ಲಾಸ್ಟಿಕ್ಕು?" ಎಂದ. "ಶಾಖ ತಾಗದ ಹಾಗೆ ಅಂಟಿಸಪ್ಪಾ, ಕುಂಕುಮ ಅಳಿಸಬಾರದು" ಎಂದೆ. ನನ್ನಂಥವರನ್ನು ದಿನವೂ ನೋಡುವವನಂತೆ ಅವನು ಅಂಟಿಸಿಕೊಟ್ಟ.

ಆರು ತಿಂಗಳು ಕಾರ್ಡು ಬೀರುವಿನಲ್ಲಿ ಸುಖವಾಗಿತ್ತು. ಆಮೇಲೆ ನಮ್ಮ ಮದುವೆಗೆ ಮೂವತ್ತು ವರ್ಷ ತುಂಬುವ ಹೊತ್ತು ಬಂತು. ನನ್ನ ಹೆಂಡತಿ ಸುಶೀಲಾ ಎರಡು ವರ್ಷದ ಹಿಂದೆಯೇ ಪಾಸ್‌ಪೋರ್ಟು ಮಾಡಿಸಿಕೊಂಡಿದ್ದಳು. ಆಗಾಗ ಅದನ್ನು ತೆಗೆದು ಖಾಲಿ ಹಾಳೆಗಳನ್ನು ತಿರುವುತ್ತಿದ್ದಳು. ಅವಳ ತಂಗಿಯ ಪಾಸ್‌ಪೋರ್ಟಿನಲ್ಲಿ ನಾಲ್ಕು ದೇಶದ ಸೀಲುಗಳಿದ್ದವು. ಸುಶೀಲಾ ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. "ಒಂದೇ ಒಂದು ಸೀಲ್ ಬೀಳ್ಲಿ ಕಣ್ರೀ, ಸಾಕು" ಎಂದಿದ್ದಳು. ಬೀಳಿಸುತ್ತೇನೆ ಎಂದು ಮಾತು ಕೊಟ್ಟೆ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಟೈಮ್‌ಶೇರ್ ಎಂಬ ಏರ್ಪಾಟು. ಒಂದು ರೆಸಾರ್ಟಿನ ಮನೆಯನ್ನು ಹತ್ತಾರು ಜನ ಕೊಂಡು, ವರ್ಷದಲ್ಲಿ ಒಂದೊಂದು ವಾರ ಒಬ್ಬೊಬ್ಬರು ಇರುವುದು. ನಮ್ಮ ಕ್ವಾರ್ಟರ್ಸಿನಲ್ಲಿ ಸರದಿಯ ಮೇಲೆ ನಲ್ಲಿ ನೀರು ಹಿಡಿಯುತ್ತಿದ್ದ ಹಾಗೆ. ತಮ್ಮ ವಾರಕ್ಕೆ ಹೋಗಲಾಗದವರು ಅದನ್ನು ಬೇರೆಯವರಿಗೆ ಬಾಡಿಗೆಗೆ ಬಿಡುತ್ತಾರೆ. ಶ್ರೀಲಂಕಾದ ಗುಡ್ಡದ ಮೇಲಿನ ಒಂದು ವಾರ ಅಂತರ್ಜಾಲದಲ್ಲಿ ಸೊಗಸಾಗಿ ಕಾಣಿಸಿತು. ಸುಶೀಲಾಳ ತಂಗಿ ಮತ್ತು ಆಕೆಯ ಗಂಡ ನಾಗರಾಜು ಹೆಬ್ಬಾಳದಿಂದ ಬಂದಿದ್ದಾಗಲೇ, ಅವರ ಕಣ್ಣೆದುರಿಗೇ ಹಣ ಕಟ್ಟಬೇಕೆಂದು ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ.

ನಂಬರು ಹಾಕಿದೆ. ಆಗುವುದಿಲ್ಲ ಎಂದಿತು. ಕನ್ನಡಕ ಒರೆಸಿ ಮತ್ತೆ ಹಾಕಿದೆ. ಮತ್ತೆ ಆಗುವುದಿಲ್ಲ ಎಂದಿತು. ಇಂಟರ್ನೆಟ್ಟನ್ನು ಬೈದೆ, ಶ್ರೀಲಂಕಾವನ್ನೂ ಬೈದೆ. ನಾಗರಾಜು ಜೇಬಿಗೆ ಕೈಹಾಕಿ, "ಅಣ್ಣಾ, ಯಾಕ್ ಒದ್ದಾಡ್ತೀರಾ? ನನ್ ಕಾರ್ಡಲ್ಲಿ ಹಾಕ್ಬಿಡ್ತೀನಿ. ನಂದು ಎಲ್ಲಾ ದೇಶದಲ್ಲೂ ನಡೆಯುತ್ತೆ" ಎಂದ. "ನಂದೂ ನಡೆಯುತ್ತೆ ಕಣಪ್ಪಾ. ಬ್ಯಾಂಕ್‌ನೋರೇ ಕರ್ದು ಕೊಟ್ಟಿದ್ದು" ಎಂದು ಬ್ಯಾಂಕಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರು ಹಾಕಿದೆ. ಆ ಸ್ಪೀಕರು ಹಾಕಿದ್ದೇ ತಪ್ಪಾಯಿತು.

"ಸರ್, ಕಾರ್ಡ್ ಕೆಳಗಡೆ ಸಣ್ಣಕ್ಷರದಲ್ಲಿ ಏನಿದೆ, ಓದಿ ಸರ್" ಎಂದಳು ಆ ಕಡೆಯ ಹುಡುಗಿ.

"ಕುಂಕುಮ ಇದೆಯಮ್ಮಾ."

"ಏನಿದೆ ಸರ್?"

"ಕುಂಕುಮ. ಆಯುಧಪೂಜೆದು."

"ಒರೆಸಿ ಓದಿ ಸರ್" ಎಂದಳು, ದನಿ ಅರ್ಧಕ್ಕೇ ಮುರಿಯಿತು. ಪಾಪ, ಬಾಯಿಗೆ ಕೈ ಅಡ್ಡ ಹಿಡಿದಿದ್ದಳೋ ಏನೋ. ಬ್ಲೇಡಿನಿಂದ ಲ್ಯಾಮಿನೇಶನ್ ಸೀಳಿ, ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಡಿಯಲ್ಲಿ ಸಾಲು ಸ್ಪಷ್ಟವಾಗಿತ್ತು: ಭಾರತ, ನೇಪಾಳ ಮತ್ತು ಭೂತಾನದಲ್ಲಿ ಮಾತ್ರ ಚಲಾವಣೆ. ನಾಗರಾಜು ಕಿಟಕಿಯ ಕಡೆ ತಿರುಗಿಕೊಂಡ. ಅವನ ಭುಜಗಳು ಕುಲುಕುತ್ತಿದ್ದವು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ನಾನು ಆ ಜಾತಿಯವನು. ಅದೇ ಜಾಲತಾಣದಲ್ಲಿ ನೇಪಾಳವನ್ನು ಹುಡುಕಿದೆ. ಪೋಖರಾದಲ್ಲಿ ಒಂದು ವಾರ ಖಾಲಿ ಇತ್ತು. ನಂಬರು ಹಾಕಿದೆ. ಫೋನು ಟಿಂಗ್ ಎಂದಿತು, ಹಣ ಸಂದಾಯವಾಗಿತ್ತು! ಗಡಿಯಾಚೆ ಹೋಗಿ ಕೆಲಸ ಮಾಡಿ ಬಂದ ನನ್ನ ಕಾರ್ಡನ್ನು ನಾಗರಾಜುವಿನ ಕೈಗೇ ಕೊಟ್ಟು ತೋರಿಸಿದೆ. ಲೇತಿನಲ್ಲಿ ಕೂದಲೆಳೆಯ ಅಳತೆಗೆ ಕೆಲಸ ಮುಗಿಸಿದಾಗಲೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

"ನೇಪಾಳ ಫಾರಿನ್ನೇನ್ರೀ?" ಎಂದಳು ಸುಶೀಲಾ.

"ಬೇರೆ ಬಾವುಟ, ಬೇರೆ ನೋಟು. ಇನ್ನೇನ್ ಬೇಕು?"

"ಸೀಲ್ ಹಾಕ್ತಾರಾ?"

"ಹಾಕ್ದೇ ಏನು! ಹೋಗುವಾಗೊಂದು, ಬರುವಾಗೊಂದು" ಎಂದೆ. ಯಾರನ್ನೂ ವಿಚಾರಿಸಿರಲಿಲ್ಲ.

ಯಶವಂತಪುರದಲ್ಲಿ ಗೋರಖಪುರದ ರೈಲು ಹತ್ತಿ, ಅಲ್ಲಿಂದ ಬಸ್ಸಿನಲ್ಲಿ ಗಡಿಗೆ ಹೋದೆವು. ರಸ್ತೆಗೆ ಅಡ್ಡವಾಗಿ ಒಂದು ದೊಡ್ಡ ಕಮಾನು. ಜನ ತರಕಾರಿ ಚೀಲ ಹಿಡಿದು ಸಂತೆಗೆ ಹೋದಂತೆ ಆ ದೇಶಕ್ಕೆ ಹೋಗಿಬರುತ್ತಿದ್ದರು. ಸುಶೀಲಾ ಸೆರಗು ಸರಿಮಾಡಿಕೊಂಡು ಪಾಸ್‌ಪೋರ್ಟು ತೆರೆದು ಚಾಚಿದಳು. ಕಾವಲಿನವನು ಅದನ್ನು ನೋಡಲೇ ಇಲ್ಲ, ಹೋಗಿ ಹೋಗಿ ಎಂದು ಕೈಬೀಸಿದ. ಭಾರತದವರಿಗೆ ಅಲ್ಲಿ ಸೀಲೇ ಬೇಕಿಲ್ಲವಂತೆ. ಅವಳು ಈ ಕಡೆಗೆ ವಾಪಸ್ ಬಂದು, ಇನ್ನೊಂದು ಸಲ ದಾಟಿ, ಮತ್ತೆ ಚಾಚಿದಳು. ಅವನು ನಕ್ಕು ಕೈಮುಗಿದ. ಆ ವಾರವೆಲ್ಲ ಕೆರೆ ನೋಡಿದೆವು, ಹಿಮದ ಬೆಟ್ಟ ನೋಡಿದೆವು, ಅವಳು ಮಗುವಿನಂತೆ ನಲಿದಳು. ಸೀಲಿನ ಮಾತನ್ನು ಅವಳು ಎತ್ತಲಿಲ್ಲ. ಎತ್ತುವ ಧೈರ್ಯ ನನಗಿರಲಿಲ್ಲ.

ಈ ವರ್ಷದ ಆಯುಧಪೂಜೆಯಲ್ಲಿ ಕಾರ್ಡನ್ನು ಮತ್ತೆ ಸ್ಕ್ರೂಡ್ರೈವರಿನ ಪಕ್ಕ ಇಟ್ಟೆ. ಕುಂಕುಮವನ್ನು ಈ ಸಲ ಮೇಲ್ಗಡೆ, ಏನೂ ಬರೆಯದ ಜಾಗ ನೋಡಿ ಹಚ್ಚಿದೆ. ಸುಶೀಲಾ ಒಳಗಿನಿಂದ ಪಾಸ್‌ಪೋರ್ಟು ತಂದು ಪಕ್ಕದಲ್ಲಿಟ್ಟಳು. ಮೊದಲ ಖಾಲಿ ಹಾಳೆ ತೆರೆದು, ಹೆಬ್ಬೆರಳನ್ನು ಕುಂಕುಮದಲ್ಲಿ ಅದ್ದಿ, ಸರ್ಕಾರಿ ಗುಮಾಸ್ತರ ಗಾಂಭೀರ್ಯದಿಂದ ಒತ್ತಿದಳು.

"ನೇಪಾಳದೋರು ಹಾಕ್ಲಿಲ್ಲ, ನಾನೇ ಹಾಕ್ಕೊಂಡೆ" ಎಂದಳು. ಅಷ್ಟು ಹೆಮ್ಮೆಯ ಮುಖವನ್ನು ನಾನು ಕನ್ನಡಿಯಲ್ಲಿ ಮಾತ್ರ ನೋಡಿದ್ದೆ.

"ಇದನ್ನ ಲ್ಯಾಮಿನೇಶನ್ ಮಾಡ್ಸೋಕೆ ಮಾತ್ರ ಹೋಗ್ಬೇಡಿ" ಎಂದು ಸೇರಿಸಿದಳು.

ಅಷ್ಟು ಹೊತ್ತಿಗೆ ಪಾಸ್‌ಪೋರ್ಟು ನನ್ನ ಕೈಯಲ್ಲಿತ್ತು, ಕಾಲು ಚಪ್ಪಲಿಯಲ್ಲಿತ್ತು.